ಚೆಲುವಿಯ ಬೈಗಿನ ಊಟ

ಗೌರಿ ಹಬ್ಬಕ್ಕೆಂದು ಹಳೇಬೀಡಿಗೆ, ತಾಯಿಯ ಮನೆಗೆ ಹೋಗಿದ್ದ ಏಳು ವರ್ಷದ ಚೆಲುವಿ ಹದಿನೈದು ದಿನ ಬಿಟ್ಟು ಹುಲಿಕೆರೆಗೆ ಹಿಂದಿರುಗಿದಳು. ಬಂದ ಸಂಜೆಯೇ ಮನೆಯಲ್ಲಿ ರಂಪವಾಯಿತು.

ಮೊಮ್ಮಗಳು ಬಂದಳೆಂದು ಅಜ್ಜಿ ರಂಗಮ್ಮ ಹುರುಳಿಕಾಳಿನ ಬಸ್ಸಾರು ಮಾಡಿದ್ದಳು. ದನಗಳು ಕೊಟ್ಟಿಗೆ ಸೇರಿ, ಹಾಲು ಕರೆದು, ದೀಪ ಹಚ್ಚಿ, ಮುದ್ದೆ ಕಟ್ಟಿ ತಟ್ಟೆಗಿಡುವ ಹೊತ್ತಿಗೆ ಹೊರಗೆ ಕತ್ತಲಾಗಿತ್ತು. ಎಲ್ಲರೂ ಸಾಲಾಗಿ ಕೂತರು. ಚೆಲುವಿ ಮಾತ್ರ ಕಂಬಕ್ಕೆ ಒರಗಿಕೊಂಡು ನಿಂತೇ ಇದ್ದಳು.

"ಬಾರವ್ವ, ಕೂತ್ಕೊ. ಮುದ್ದೆ ಆರೋಯ್ತದೆ" ಎಂದಳು ರಂಗಮ್ಮ.

"ನಾನು ಉಣ್ಣಾಕಿಲ್ಲ ಕಣಜ್ಜಿ."

"ಯಾಕೆ, ಹೊಟ್ಟೆನೋವಾ?"

"ಹೊತ್ತು ಮುಳುಗ್ತು."

ರಂಗಮ್ಮನಿಗೆ ತಲೆಬುಡ ತಿಳಿಯಲಿಲ್ಲ. "ಹೊತ್ತು ದಿನಾ ಮುಳುಗ್ತದೆ. ಅದಕ್ಕೂ ನಿನ್ನ ಹೊಟ್ಟೆಗೂ ಏನೇ ಸಂಬಂಧ?"

"ಕತ್ತಲಲ್ಲಿ ಉಂಡ್ರೆ ದೀಪಕ್ಕೆ ಬರೋ ಹುಳ ತಟ್ಟೆಗೆ ಬೀಳ್ತವೆ. ಪಾಪ, ಸತ್ತೋಯ್ತವೆ. ಅಲ್ಲಿ ಎಲ್ರೂ ಬೆಳಕಿರುವಾಗ್ಲೇ ಉಣ್ತಾರೆ. ಅವ್ವನೂ ಅಷ್ಟೆ. ನಾನೂ ಬಸದೀಲಿ ಕೈ ಮುಗ್ದು ಒಪ್ಕಂಡು ಬಂದಿವ್ನಿ."

ಅಜ್ಜ ಕೆಂಚಪ್ಪನ ಕೈ ತಟ್ಟೆಯ ಮೇಲೆಯೇ ನಿಂತಿತು. ಚಿಕ್ಕಪ್ಪ ಪುಟ್ಟಸ್ವಾಮಿ ನಕ್ಕುಬಿಟ್ಟ. "ಒಂದು ಹುಳ ಬಿದ್ರೆ ಬಸ್ಸಾರು ಇನ್ನೊಸಿ ರುಚಿ ಆಯ್ತದೆ, ಬಾರೇ."

"ನಗ್ಬೇಡ ಕಣ್ಲಾ" ಎಂದ ಕೆಂಚಪ್ಪ. "ಹದಿನೈದೇ ದಿನ. ಹದಿನೈದು ದಿನಕ್ಕೇ ಕೂಸಿನ ಧರ್ಮ ಕೆಡಿಸಿ ಕಳಿಸವ್ಳೆ. ಮೂರು ತಿಂಗಳು ಬಿಟ್ರೆ ನನ್ನನ್ನ ತಾತ ಅಂತಾನೂ ಅನ್ನಾಕಿಲ್ಲ."

"ಶನಿವಾರ ರಾತ್ರಿ ನೀನೂ ಉಣ್ಣಲ್ವಲ್ಲ ತಾತ. ಅಜ್ಜಿ ನಿನ್ನ ಬಯ್ಯಲ್ಲ" ಎಂದಳು ಚೆಲುವಿ.

"ಅದು ಚೆಲುವರಾಯಸ್ವಾಮಿ ಒಪ್ಪೊತ್ತು ಕಣೇ! ಅದೇ ಬೇರೆ, ಇದೇ ಬೇರೆ."

"ಹಸಿದ್ರೆ ತಾನೇ ಉಣ್ತಾಳೆ, ಬುಡು" ಎಂದು ರಂಗಮ್ಮ ಮೊಮ್ಮಗಳ ತಟ್ಟೆಯ ಮೇಲೆ ಮೊರ ಮುಚ್ಚಿಟ್ಟಳು. ಬೆಳಿಗ್ಗೆ ಆ ಮುದ್ದೆ ಎಮ್ಮೆಯ ಪಾಲಾಯಿತು.

ಇದನ್ನೆಲ್ಲ ಒಲೆಯ ಮುಂದೆ ಕೂತು ನೋಡುತ್ತಿದ್ದವಳು ಮನೆಯ ಮಗಳು ಜಾನಕಿ. ಹದಿನಾರು ವರ್ಷದವಳು, ಮಾತು ಕಡಿಮೆ. ನೆಂಟರು ಬಂದರೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುವವಳು. ಮೂರು ವರ್ಷದ ಹಿಂದೆ ಅವಳ ದೊಡ್ಡಣ್ಣ ಚನ್ನಪ್ಪ, ಚಪ್ಪಡಿ ಕಲ್ಲು ಹೇರಿದ ಗಾಡಿ ಜಾವಗಲ್ ದಾರಿಯಲ್ಲಿ ಮಗುಚಿ ತೀರಿಕೊಂಡ. ಆಗ ಚೆಲುವಿಗೆ ನಾಲ್ಕು ವರ್ಷ. ಅತ್ತಿಗೆ ಕಮಲಾಕ್ಷಿ ಒಂದು ತಿಂಗಳು ಮಂಕು ಬಡಿದವಳಂತೆ ಕೂತಿದ್ದು, ಆಮೇಲೆ ಜಾವಗಲ್ಲಿನ ತವರಿಗೆ ಹೋದಳು. ಮಗುವನ್ನು ಯಾರು ನೋಡಿಕೊಳ್ಳಬೇಕು? ಏಳನೇ ಕ್ಲಾಸಿನಲ್ಲಿದ್ದ ಜಾನಕಿಯ ಸ್ಲೇಟು, ಪುಸ್ತಕ ಅಟ್ಟ ಸೇರಿದವು. ಅಂದಿನಿಂದ ಚೆಲುವಿಯ ಜಡೆ, ಜ್ವರ, ಹಟ ಎಲ್ಲ ಜಾನಕಿಯದೇ. ಮಗು ಮಲಗುವುದೂ ಅವಳ ಮಗ್ಗುಲಲ್ಲೇ.

ಕಮಲಾಕ್ಷಿ ತವರಿನಲ್ಲಿ ಹೊಲಿಗೆ ಕಲಿತು, ಹಳೇಬೀಡಿನ ಮಹಿಳಾ ಸಮಾಜದಲ್ಲಿ ಹೊಲಿಗೆ ಹೇಳಿಕೊಡುವ ಕೆಲಸಕ್ಕೆ ಸೇರಿದಳು. ಅಲ್ಲಿಯ ಬಟ್ಟೆ ಅಂಗಡಿಯ ಧರಣೇಂದ್ರಯ್ಯ ಹೆಂಡತಿ ಸತ್ತವರು, ಜೈನರು. ಹೋದ ವೈಶಾಖದಲ್ಲಿ ಇಬ್ಬರೂ ಹಾಸನಕ್ಕೆ ಹೋಗಿ ರಿಜಿಸ್ಟ್ರಿ ಮದುವೆಯಾಗಿ ಬಂದರು. ಹುಲಿಕೆರೆಗೂ ಹಳೇಬೀಡಿಗೂ ಎರಡೇ ಮೈಲಿ. ಸುದ್ದಿ ದನ ಮೇಯಿಸುವವರ ಬಾಯಲ್ಲಿ ಅದೇ ಸಂಜೆ ಮನೆಗೆ ಬಂತು. "ಗಂಡ ಸತ್ತೋಳು ಕೂಡಾವಳಿ ಆಗೋದು ನಮ್ಮಲ್ಲೂ ಉಂಟು, ಅದಕ್ಕೆ ನಾನು ಏನೂ ಅನ್ನಲ್ಲ. ದೇವರನ್ನೇ ಬದಲಾಯಿಸೋದಾ?" ಎಂದಿದ್ದ ಕೆಂಚಪ್ಪ.

ಈಗ ಚೆಲುವಿಯನ್ನು ಕರೆತಂದ ಗಾಡಿಯವನ ಹತ್ತಿರ ಕಮಲಾಕ್ಷಿ ಒಂದು ಮಾತು ಹೇಳಿ ಕಳಿಸಿದ್ದಳು: "ಮಹಾಲಯ ಅಮಾವಾಸ್ಯೆ ಕಳೀಲಿ. ಬಂದು ಮಗೂನ ಕರ್ಕೊಂಡು ಹೋಯ್ತೀನಿ. ಇಲ್ಲೇ ಸ್ಕೂಲಿಗೆ ಸೇರಿಸ್ತೀನಿ."

ಆ ಮಾತು ಕೇಳಿದಂದಿನಿಂದ ಜಾನಕಿ ಅಮಾವಾಸ್ಯೆಗೆ ಎಷ್ಟು ದಿನ ಎಂದು ಎಣಿಸುತ್ತಿದ್ದಳು. ಮಗು ಹೋದರೆ ಮಗ್ಗುಲು ಬರಿದು. ಮಗು ಹೋಗಬಾರದು. ಅವಳ ಮನಸ್ಸಿನಲ್ಲಿ ಇದ್ದದ್ದು ಅಷ್ಟೇ.

ಮರುದಿನ ಚೆಲುವಿಯ ಹೊಸ ಲಂಗ ಒಗೆಯುವಾಗ ಅವಳ ಕಣ್ಣಿಗೆ ಒಂದು ಸಂಗತಿ ಬಿತ್ತು. ಲಂಗದ ಅಂಚಿನ ಮೇಲೆ ಕಮಲಾಕ್ಷಿ ಮೂರು ಮಡಿಕೆ ಹಿಡಿದು ಹೊಲಿದಿದ್ದಳು. ವರ್ಷಕ್ಕೊಂದು ಬಿಚ್ಚಿದರೆ ಮಗು ಬೆಳೆದಂತೆ ಲಂಗವೂ ಬೆಳೆಯುತ್ತದೆ. ಮೂರು ವರ್ಷದ ಲೆಕ್ಕ ಹಾಕಿ ಹೊಲಿದಿದ್ದಾಳೆ ಅತ್ತಿಗೆ. ಜಾನಕಿ ಒದ್ದೆ ಲಂಗ ಹಿಡಿದುಕೊಂಡು ಕಲ್ಲಿನ ಮೇಲೆ ಬಹಳ ಹೊತ್ತು ಕೂತಳು.

ಚೆಲುವಿಯ ಹಟ ಮುಗಿಯಲಿಲ್ಲ. ರಂಗಮ್ಮನದೂ ಮುಗಿಯಲಿಲ್ಲ.

"ಊರಿಗೆಲ್ಲ ದೀಪದ ಮುಂದೆ ಊಟ, ಇವಳೊಬ್ಬಳಿಗೆ ಸೂರ್ಯದೇವರ ಮುಂದೆ. ನಾನು ಎರಡೆರಡು ಸಲ ಒಲೆ ಹಚ್ಚಾಕಿಲ್ಲ" ಎನ್ನುವಳು. ಸಂಜೆ ದನ ಬರುವ ಮುಂಚೆ ಜಾನಕಿ ಒಂದು ಹಿಡಿ ಹುರಿಗಡಲೆ, ಒಂದು ಚೂರು ಕೊಬ್ಬರಿ ಮಗುವಿನ ಕೈಗೆ ತುರುಕುವಳು. ಮಗು ಅದನ್ನೇ ಅಗಿದು, ನೀರು ಕುಡಿದು ಮಲಗುವುದು. ಬೆಳಿಗ್ಗೆ ಎದ್ದದ್ದೇ ರೊಟ್ಟಿಯ ಮೇಲೆ ಎರಡು ಕೈಯಲ್ಲೂ ಬೀಳುವುದು.

ಶನಿವಾರ ಮಾತ್ರ ಬೇರೆ. ಅಂದು ಕೆಂಚಪ್ಪ ಹಣೆಗೆ ನಾಮ ಇಟ್ಟು, ಮಧ್ಯಾಹ್ನ ಒಂದು ಹೊತ್ತು ಉಂಡು, ಬೈಗಿಗೆ ಬರೀ ಮೊಸರವಲಕ್ಕಿ ತಿನ್ನುವನು. ಅದು ಹೊತ್ತಿರುವಾಗಲೇ ಆಗಿಬಿಡಬೇಕು. ಆ ಶನಿವಾರ ಚೆಲುವಿ ಅಜ್ಜನ ಪಕ್ಕದಲ್ಲಿ ಕೂತು, ಅವನ ಬಟ್ಟಲಿಗೇ ಕೈ ಹಾಕಿ ಹೊಟ್ಟೆ ತುಂಬ ತಿಂದಳು. ಅಜ್ಜನಿಗೆ ಅದು ಗಮನಕ್ಕೇ ಬರಲಿಲ್ಲ. ಜಾನಕಿಗೆ ಬಂತು.

ಆಮೇಲೆ ಪುಟ್ಟಸ್ವಾಮಿ ಬೇಲೂರಿನ ಸಂತೆಯಿಂದ ಒಂದು ಸುದ್ದಿ ಹೊತ್ತು ತಂದ.

"ಅಪ್ಪ, ಹೆದರ್ಕಬೇಡ. ತಾಲ್ಲೂಕು ಕಚೇರಿ ಗುಮಾಸ್ತರು ಅಂದ್ರು, ಡೆಲ್ಲೀಲಿ ಹೊಸ ಕಾನೂನು ಮಾಡವ್ರಂತೆ. ತಾಯಿ ಆಗ್ಲಿ ತಂದೆ ಆಗ್ಲಿ, ಧರ್ಮ ಬಿಟ್ಟು ಹೋದ್ರೆ ಮಗೂ ಮೇಲೆ ಹಕ್ಕು ಹೋಯ್ತದಂತೆ."

"ನಿಜವೇನ್ಲಾ?"

"ಅಚ್ಚಾಗೈತಂತೆ. ಅರಸೀಕೆರೆ ಲಾಯರನ್ನ ಕೇಳಿ ಬರೋಣ. ಕಾಗದ ಕೈಲಿದ್ರೆ ಅತ್ತಿಗೆ ಬಾಗಿಲಿಗೂ ಬರಾಕಿಲ್ಲ."

"ಪಿತೃಪಕ್ಷ ಕಣ್ರೋ" ಎಂದಳು ರಂಗಮ್ಮ. "ಪಕ್ಷದಲ್ಲಿ ಹೊಸ ಕೆಲಸಕ್ಕೆ ಕೈ ಹಾಕ್ತಾರಾ?"

"ಕೋರ್ಟಿಗೆ ಪಕ್ಷ ಇಲ್ಲವ್ವ, ಭಾನುವಾರ ಒಂದೇ ಇರೋದು" ಎಂದ ಪುಟ್ಟಸ್ವಾಮಿ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ನಾಲ್ವರು ಹೊರಟರು. ಮಗುವನ್ನು ಲಾಯರು ನೋಡಬೇಕಾಗಬಹುದು ಎಂದು ಚೆಲುವಿ, ಅವಳು ಬರಬೇಕಾದರೆ ಜಾನಕಿ. ಬಸ್ಸು ಹಳೇಬೀಡಿನಲ್ಲಿ ಹತ್ತು ನಿಮಿಷ ನಿಂತು, ಜಾವಗಲ್ ದಾಟಿ ಅರಸೀಕೆರೆ ಕಡೆ ಹೊರಟಿತು. ದಾರಿಯಲ್ಲಿ ಪುಟ್ಟಸ್ವಾಮಿ ಮುಂದಿನ ಸೀಟಿನಿಂದ ತಿರುಗಿ ತಂಗಿಗೆ ಪಾಠ ಹೇಳಿದ.

"ಲಾಯರು ಕೇಳಿದ್ರೆ ಬಾಯಿ ಬುಡು. ಅಲ್ಲಿ ಹೆದರಿಸಿ ವ್ರತ ಹಿಡಿಸಿದ್ರು ಅನ್ನು. ಸೊರಗಿ ಬಂದ್ಲು ಅನ್ನು."

"ಸೊರಗಿಲ್ವಲ್ಲಣ್ಣ."

"ಸೊರಗಿಲ್ಲ ಅಂತ ನನಗೂ ಗೊತ್ತು. ಮಗು ನಿನಗೆ ಬೇಕೋ ಬ್ಯಾಡ್ವೋ?"

ಬೇಕು. ಜಾನಕಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

ವಕೀಲ ಸಂಪತ್ಕುಮಾರ್ ಅಯ್ಯಂಗಾರರು ಹಿಂದೆ ಕೆಂಚಪ್ಪನ ಬದುವಿನ ವ್ಯಾಜ್ಯ ಗೆದ್ದುಕೊಟ್ಟವರು. ಸ್ಟೇಷನ್ನಿನ ಹತ್ತಿರ ಅವರ ಮನೆ, ಜಗಲಿಯೇ ಆಫೀಸು. ಕೆಂಚಪ್ಪ ಎಂಟು ಎಳನೀರು ಇಳಿಸಿ, ಕಂಬದ ಪಕ್ಕ ಕೂತ.

"ಏನು ಕೆಂಚಪ್ಪ, ಬದು ಮತ್ತೆ ಜರುಗಿತೇ?"

"ಬದು ಅಲ್ಲ ಸ್ವಾಮಿ, ಮೊಮ್ಮಗಳು."

ಪುಟ್ಟಸ್ವಾಮಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ವಕೀಲರು ತಲೆಯಾಡಿಸುತ್ತ ಕೇಳಿ, "ಗುಮಾಸ್ತ ಹೇಳಿದ್ದು ಸರಿಯೇ. ಐವತ್ತಾರನೇ ಇಸವಿ ಕಾನೂನು. ತಂದೆ ಇಲ್ಲದಿದ್ದರೆ ತಾಯಿಯೇ ಪೋಷಕಿ. ಆದರೆ ಹಿಂದೂ ಆಗಿ ಉಳಿಯದಿದ್ದವರಿಗೆ ಆ ಹಕ್ಕು ನಿಲ್ಲೋದಿಲ್ಲ. ಆಯಮ್ಮ ಯಾವ ಧರ್ಮಕ್ಕೆ ಸೇರಿದ್ದಾರೆ?" ಎಂದರು.

"ಜೈನರು ಸ್ವಾಮಿ" ಎಂದ ಕೆಂಚಪ್ಪ, ಗೆದ್ದವನಂತೆ.

ವಕೀಲರು ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿದರು. "ಹಾಗಾದರೆ ಆಯಮ್ಮ ಎಲ್ಲಿಗೂ ಹೋಗಿಲ್ಲ ಕೆಂಚಪ್ಪ."

"ಅಂದ್ರೆ?"

"ಈ ಕಾನೂನಿನಲ್ಲಿ ಹಿಂದೂ ಅಂದರೆ ಜೈನರೂ ಸೇರಿಯೇ. ಅಚ್ಚಾಗಿದೆ ಅಂದನಲ್ಲ ನಿಮ್ಮ ಮಗ, ಅದೂ ಅಲ್ಲೇ ಅಚ್ಚಾಗಿದೆ."

ಕೆಂಚಪ್ಪನಿಗೆ ನಂಬಿಕೆಯಾಗಲಿಲ್ಲ. "ಅದೆಂಗೆ ಸ್ವಾಮಿ? ಅವರು ನಮ್ಮ ಮನೇಲಿ ಒಂದು ಲೋಟ ನೀರು ಕುಡಿಯಾಕಿಲ್ಲ. ಅವರೂ ನಾವೂ ಒಂದೇನಾ?"

"ನಾನು ಕುಡೀತೀನಾ ನಿಮ್ಮ ಮನೆಯಲ್ಲಿ?"

ಕೆಂಚಪ್ಪ ಲಾಯರ ಮನೆಗೆಂದು ಅಂದೂ ನಾಮ ಇಟ್ಟುಕೊಂಡು ಬಂದಿದ್ದ. ಇಬ್ಬರ ಹಣೆಯ ಮೇಲೂ ನಾಮವಿತ್ತು. ಒಬ್ಬರು ಮಣೆಯ ಮೇಲೆ, ಒಬ್ಬ ಕಂಬದ ಪಕ್ಕ ಬರಿ ನೆಲದ ಮೇಲೆ.

"ಬೇರೆ ದಾರಿ ಇಲ್ವಾ ಸ್ವಾಮಿ?" ಎಂದ ಪುಟ್ಟಸ್ವಾಮಿ.

"ಇದೆ. ಕೋರ್ಟು ಕೊನೆಗೆ ನೋಡೋದು ಮಗುವಿನ ಒಳ್ಳೆಯದನ್ನು. ಅಲ್ಲಿ ಅದಕ್ಕೆ ಕಷ್ಟ ಅಂತ ತೋರಿಸಿದರೆ ನಿಮಗೆ ಕೊಟ್ಟರೂ ಕೊಟ್ಟಾರು. ಮಗುವನ್ನು ನೋಡಿಕೊಳ್ಳುವವರು ಯಾರು? ನೀನೇನಮ್ಮ? ಅಲ್ಲಿಂದ ಬಂದಾಗ ಹೇಗಿದ್ದಳು?"

ಎಲ್ಲರೂ ಜಾನಕಿಯನ್ನು ನೋಡಿದರು. ಹೇಳಬೇಕಾದ ಮಾತು ಬಸ್ಸಿನಲ್ಲೇ ಕೈಗೆ ಕೊಟ್ಟಾಗಿತ್ತು. ಹೇಳಿದರೆ ಆಯಿತು, ಮಗು ಉಳಿದರೂ ಉಳಿಯಬಹುದು. ಜಾನಕಿ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

"ಹೋಗುವಾಗ ಹಾಕಿದ್ದ ರವಿಕೆ ಗುಂಡಿ ಬಂದಾಗ ಕೂಡ್ತಿರಲಿಲ್ಲ" ಎಂದಳು ಮೆಲ್ಲಗೆ.

"ಏನೇ ಅದು?" ಎಂದ ಪುಟ್ಟಸ್ವಾಮಿ.

"ಮೈ ತುಂಬ್ಕೊಂಡು ಬಂದಿದ್ಲು. ತಲೇಲಿ ಒಂದು ಹೇನಿರಲಿಲ್ಲ. ಹೊಸ ಲಂಗ, ಮೂರು ಮಡಿಕೆ ಇಟ್ಟು ಹೊಲಿದವ್ರೆ." ಇಷ್ಟು ಹೇಳಿ ಅವಳು ತಲೆ ತಗ್ಗಿಸಿದಳು. ಪುಟ್ಟಸ್ವಾಮಿ ಹಣೆ ಚಚ್ಚಿಕೊಂಡ.

ವಕೀಲರು ಚೆಲುವಿಯನ್ನು ಹತ್ತಿರ ಕರೆದರು. "ನಿನ್ನ ಹೆಸರೇನು ಪುಟ್ಟಿ?"

"ಚೆಲುವಾಂಬ."

"ನಿನಗೆ ಎಲ್ಲಿರೋದಕ್ಕೆ ಇಷ್ಟ? ಅಮ್ಮನ ಹತ್ತಿರವೋ, ಅಜ್ಜನ ಹತ್ತಿರವೋ? ಹೆದರಬೇಡ."

ಚೆಲುವಿ ಅತ್ತೆಯ ಸೆರಗು ಹಿಡಿದು ಯೋಚಿಸಿದಳು. "ಜಾನಕತ್ತೆ ಹತ್ರ" ಎಂದಳು. ಕೆಂಚಪ್ಪನ ಮುಖ ಅರಳಿತು. ಚೆಲುವಿ ಮುಂದುವರಿಸಿದಳು: "ಆದ್ರೆ ತಾತನ ಮನೇಲಿ ರಾತ್ರಿ ಬಲು ಹಸೀತದೆ."

"ಯಾಕೆ?"

"ಅಜ್ಜಿ ಕತ್ತಲಾದ ಮೇಲೇ ಬಡಿಸೋದು. ನಾನು ಉಣ್ಣಾಕಿಲ್ಲ. ಹಂಗೇ ಮಲಿಕ್ಕತೀನಿ."

"ಎಷ್ಟು ದಿನದಿಂದ?"

ಚೆಲುವಿ ಬೆರಳು ಎಣಿಸತೊಡಗಿದಳು. ಒಂದು ಕೈ ಮುಗಿದು, ಇನ್ನೊಂದು ಕೈಯಲ್ಲೂ ನಾಲ್ಕು ಬೆರಳು ಮಡಚಿದಳು. "ಒಂದು ಶನಿವಾರ ಮಾತ್ರ ತಾತನ ಜೊತೆ ಅವಲಕ್ಕಿ ತಿಂದೆ. ಹೊಟ್ಟೆ ತುಂಬಿತ್ತು."

ವಕೀಲರು ಒಳಗಿನ ಕಡೆ ತಿರುಗಿ, "ಯದುಗಿರಿ, ಒಂದು ಎಲೆಗೆ ಮೊಸರನ್ನ ಹಾಕಿ ಕೊಡು, ಮಗುವಿಗೆ" ಎಂದರು. ಅವರ ಹೆಂಡತಿ ತಂದಿಟ್ಟ ಅನ್ನವನ್ನು ಚೆಲುವಿ ತಲೆ ಎತ್ತದೆ ಉಂಡಳು. ಕೆಂಚಪ್ಪ ಅವಳು ಉಣ್ಣುವುದನ್ನೇ ನೋಡುತ್ತ ಕೂತ.

"ಕೆಂಚಪ್ಪ, ಹಳೆಯ ಪರಿಚಯ ಅಂತ ಹೇಳ್ತೀನಿ" ಎಂದರು ವಕೀಲರು. "ಅರ್ಜಿ ಹಾಕಬೇಡಿ. ಹಾಕಿದರೆ ಜಡ್ಜಿ ಕೇಳೋದೂ ಇದೇ ಎರಡು ಪ್ರಶ್ನೆ. ಅಲ್ಲಿ ಮೈ ತುಂಬಿತು, ಇಲ್ಲಿ ಒಂಬತ್ತು ದಿನ ಉಪವಾಸ. ಇದಕ್ಕೆ ಯಾವ ವಕೀಲನೂ ಬೇಡ."

ಹಿಂದಿರುಗುವ ಬಸ್ಸು ಜಾವಗಲ್ಲಿನಲ್ಲಿ ನಿಂತಾಗ ಕೆಂಚಪ್ಪ ಇಳಿದು ಹೋಗಿ ನಾಲ್ಕು ಬಾಳೆಹಣ್ಣು ತಂದು ಚೆಲುವಿಯ ಮಡಿಲಿಗೆ ಹಾಕಿದ. "ಹೊತ್ತು ಇನ್ನೂ ಐತೆ, ತಿನ್ನವ್ವ" ಎಂದ.

ಮನೆಗೆ ಬಂದವನೇ ಹೆಂಡತಿಗೆ ಹೇಳಿದ: "ನಾಳೆಯಿಂದ ಹೊತ್ತು ಮುಳುಗೋಕೆ ಮುಂಚೆ ಊಟ. ಎಲ್ರಿಗೂ."

ರಂಗಮ್ಮ ಸೊಂಟಕ್ಕೆ ಕೈ ಕೊಟ್ಟಳು. "ಲಾಯರು ಬರ್ಕೊಟ್ರಾ ಇದನ್ನ? ದನ ಬರೋದು ಯಾವಾಗ, ಹಾಲು ಕರೆಯೋದು ಯಾವಾಗ, ಕಸ ಗುಡಿಸೋದು ಯಾವಾಗ? ಒಂದು ಕೂಸಿಗೋಸ್ಕರ ಮನೆ ಮಂದಿಯೆಲ್ಲ ಜೈನರಾಗೋದಾ?"

"ಜೈನರೂ ನಾವೂ ಒಂದೇ ಅಂತೆ, ಅಚ್ಚಾಗೈತಂತೆ" ಎಂದು ಪುಟ್ಟಸ್ವಾಮಿ ಗೊಣಗಿದ.

"ನೀನು ಬಾಯಿ ಮುಚ್ಚು. ನಿನ್ನ ಮಾತು ಕೇಳಿ ಹೋಗಿ ಮಾನ ಕಳ್ಕೊಂಡು ಬಂದೆ" ಎಂದ ಕೆಂಚಪ್ಪ. ಆಮೇಲೆ ದನಿ ತಗ್ಗಿಸಿದ. "ಒಂಬತ್ತು ದಿನ ಕಣೇ ರಂಗಿ. ಮಗೂ ಬೆರಳು ಮಡಚಿ ಎಣಿಸ್ತು."

ರಂಗಮ್ಮ ಸೊಂಟದಿಂದ ಕೈ ತೆಗೆದಳು.

"ಮುದ್ದೆ ನಾನು ಮಾಡ್ತೀನಿ ಅವ್ವ" ಎಂದಳು ಜಾನಕಿ. "ಮಧ್ಯಾಹ್ನವೇ ಸಾರು ಮಾಡಿಟ್ರೆ ದನ ಬರೋಕೆ ಮುಂಚೆ ಮುದ್ದೆ ತಿರುವ್ತೀನಿ. ಉಂಡು ಎದ್ದು ಹಾಲು ಕರೆಯೋಣ."

ಮೊದಲ ದಿನ ಎಲ್ಲ ತಾರುಮಾರಾಯಿತು. ಎಸರು ಕುದಿಯುವ ಮುಂಚೆಯೇ ಹಿಟ್ಟು ಹಾಕಿ ಮುದ್ದೆ ಗಂಟುಗಂಟಾಯಿತು. ಪುಟ್ಟಸ್ವಾಮಿ ಹೊಲದಿಂದ ಓಡಿ ಬಂದವನು ಕೆಸರುಗಾಲಲ್ಲೇ ಕೂತು ಬೈಸಿಕೊಂಡ. ನಡುವೆ ಕರು ಹಗ್ಗ ಬಿಚ್ಚಿಕೊಂಡು ಹಾಲೆಲ್ಲ ಕುಡಿಯಿತು. ಎರಡನೆಯ ದಿನ ಎಡವಟ್ಟಾದದ್ದು ಕರು ಹಾಲು ಕುಡಿದದ್ದೊಂದೇ. ಮೂರನೆಯ ದಿನ ಹಾಲೂ ಉಳಿಯಿತು, ಮುದ್ದೆಯೂ ನುಣುಪಾಯಿತು. ಚೆಲುವಿ ಒಂದು ಮುದ್ದೆ ಮುಗಿಸಿ, "ಇನ್ನೊಂದು ಚೂರು" ಎಂದಾಗ ರಂಗಮ್ಮ ತನ್ನ ತಟ್ಟೆಯಿಂದಲೇ ಮುರಿದು ಹಾಕಿದಳು.

ಆದರೆ ಅಮಾವಾಸ್ಯೆ ಬಂತು. ಅಂದು ಹಿರಿಯರಿಗೆ ಎಡೆ ಇಡುವ ದಿನ. ತೀರಿಕೊಂಡವರಿಗೆ ಪ್ರಿಯವಾದ ಅಡುಗೆಯನ್ನೆಲ್ಲ ಎಲೆಯ ಮೇಲೆ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಕಾಯಬೇಕು. ಬಾಗಿಲು ತೆಗೆದ ಮೇಲೆ ಸತ್ತವರ ಮಕ್ಕಳು ಮೊದಲ ತುತ್ತು ತೆಗೆಯಬೇಕು. ಚನ್ನಪ್ಪನಿಗೆ ಇದ್ದ ಸಂತಾನ ಚೆಲುವಿ ಒಬ್ಬಳೇ. ಎಡೆ ಇಡುವುದು ದೀಪ ಹಚ್ಚಿದ ಮೇಲೆ. ಆ ಮನೆಯಲ್ಲಿ ಯಾವ ಕಾಲದಿಂದಲೂ ಹಾಗೆಯೇ.

"ದಿನದ ಊಟ ನೀವು ಹೇಳಿದ ಹಾಗೆ ಆಗ್ಲಿ" ಎಂದಳು ರಂಗಮ್ಮ ಬೆಳಿಗ್ಗೆಯೇ. "ಎಡೆ ಮಾತ್ರ ಬದಲಾಯಿಸಾಕಿಲ್ಲ. ಬೆಳಕಲ್ಲಿ ಇಟ್ರೆ ಹಿರಿಯರು ಬರ್ತಾರಾ? ಕೋಳಿ ಕುಯ್ಯಬೇಕು, ದೀಪದಲ್ಲಿ ಇಡಬೇಕು, ಮಗು ಅದರಲ್ಲಿ ತುತ್ತು ತೆಗೀಬೇಕು. ಅವಳಪ್ಪ ಕಣ್ರೀ. ಒಂದು ದಿನ ವ್ರತ ಮುರಿದ್ರೆ ಏನಾಯ್ತದೆ?"

ಸತ್ತವರ ವಿಚಾರಕ್ಕೆ ಕೆಂಚಪ್ಪ ಬಾಯಿ ಹಾಕುವವನಲ್ಲ. ಚೆಲುವಿ ಮೂಲೆಯಲ್ಲಿ ಕಣ್ಣು ತುಂಬಿಕೊಂಡು ನಿಂತಳು. "ಅಪ್ಪನಿಗೆ ಬೇಜಾರಾಯ್ತದಾ ಅತ್ತೆ?" ಎಂದು ಜಾನಕಿಯನ್ನು ಕೇಳಿದಳು.

ಜಾನಕಿ ಕಡುಬಿಗೆ ಹಿಟ್ಟು ನಾದುತ್ತಿದ್ದಳು. ತಾಯಿಗೆ ಎದುರಾಡಿ ಅವಳಿಗೆ ಅಭ್ಯಾಸವಿಲ್ಲ. ಹಿಟ್ಟಿನ ಕಡೆಯೇ ನೋಡುತ್ತ ಹೇಳಿದಳು:

"ಅವ್ವ, ಅಣ್ಣ ಯಾವತ್ತಾದ್ರೂ ದೀಪ ಹಚ್ಚೋ ತನಕ ಕಾದಿದ್ದಾನಾ?"

"ಏನಂದೆ?"

"ಹೊಲದಿಂದ ಬಂದೋನು ನೇಗಿಲು ಇಳಿಸಿ, ಕೈ ತೊಳೀದೆ ಒಳಗೆ ನುಗ್ಗಿ 'ಅವ್ವ, ಏನೈತೆ' ಅಂತಿದ್ದ. ಹೊತ್ತು ಇನ್ನೂ ಮಾರುದ್ದ ಇರ್ತಿತ್ತು. ನೀನು ಬೈಕೊಂಡೇ ತಂಗಳು ಮುದ್ದೆಗೆ ಹುಚ್ಚೆಳ್ಳು ಚಟ್ನಿ ಹಾಕಿ ಕೊಡ್ತಿದ್ದೆ. ಕೋಳಿ ಬೇಯೋ ತನಕ ಅವನು ಯಾವತ್ತೂ ಕಾದೋನಲ್ಲ."

ರಂಗಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಹೂಂ. ಹಸಿವು ತಡೀತಿರಲಿಲ್ಲ ನನ್ನ ಮಗ. ಹೊಟ್ಟೆಬಾಕ" ಎಂದಳು. ಎದ್ದು ಹೋಗಿ ಡಬ್ಬಿಯಿಂದ ಹುಚ್ಚೆಳ್ಳು ತೆಗೆದು ಬಾಣಲೆಗೆ ಹಾಕಿದಳು. "ಎರಡು ಎಡೆ ಇಡೋಣ. ಹಳೇ ಹಿರಿಯರಿಗೆ ಕೋಳಿ, ದೀಪದಲ್ಲಿ. ಚನ್ನನಿಗೆ ಬೆಳಕಲ್ಲಿ."

ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಬೀದಿಯ ತುದಿಯಲ್ಲಿ ಕಮಲಾಕ್ಷಿ ಕಾಣಿಸಿದಳು. ನಾಳೆ ಬರಬೇಕಾದವಳು ಇಂದೇ ಬಂದಿದ್ದಳು. ಕೈಯಲ್ಲಿ ಒಂದು ಬಟ್ಟೆಯ ಗಂಟು. ಬಾಗಿಲ ಹತ್ತಿರ ಬಂದು, ಒಳಗೆ ಬರಲೋ ಬೇಡವೋ ಎಂದು ನಿಂತುಬಿಟ್ಟಳು. "ಅವ್ವ!" ಎಂದು ಚೆಲುವಿ ಓಡಿ ಹೋಗಿ ತಬ್ಬಿಕೊಂಡಳು.

"ಇವತ್ತು ಎಡೆ ಅಲ್ವಾ ಅತ್ತೆ" ಎಂದಳು ಕಮಲಾಕ್ಷಿ, ರಂಗಮ್ಮನ ಮುಖ ನೋಡದೆ. "ಒಂದು ಶರ್ಟು ಹೊಲ್ಕೊಂಡು ಬಂದೆ. ಇಡೋದಾದ್ರೆ ಇಡಿ. ಇಲ್ಲಾಂದ್ರೆ ಪುಟ್ಟಸ್ವಾಮಿಗೆ ಕೊಡಿ."

ರಂಗಮ್ಮ ಗಂಟು ಬಿಚ್ಚಿದಳು. ನೀಲಿ ಗೆರೆಯ ಶರ್ಟು. ಭುಜಕ್ಕೆ ಗೇಣು ಹಾಕಿ ಅಳೆದಳು, ತೋಳಿನ ಉದ್ದ ಅಳೆದಳು. ಚನ್ನಪ್ಪನ ಅಳತೆ, ಒಂದು ಬೆರಳೂ ಹೆಚ್ಚುಕಡಿಮೆ ಇಲ್ಲ.

"ಅಳತೆ ಮರೆತಿಲ್ಲ ನೀನು" ಎಂದಳು ರಂಗಮ್ಮ.

"ಅದೆಂಗೆ ಮರೀಲಿ ಅತ್ತೆ?"

"ಹೊರಗೇ ಯಾಕೆ ನಿಂತಿದ್ದೀಯ, ಬಿಸಿಲಲ್ಲಿ? ಕಾಲು ತೊಳ್ಕೊಂಡು ಬಾ. ಕಡುಬು ತಟ್ಟೋಕೆ ಕೈ ಸಾಲ್ದು."

ಕಮಲಾಕ್ಷಿ ಒಳಗೆ ಬಂದು ಜಾನಕಿಯ ಪಕ್ಕ ಕೂತು ಕಡುಬು ತಟ್ಟಿದಳು. ಹೊತ್ತು ಇಳಿಯುವ ಮುಂಚೆ ಚನ್ನಪ್ಪನ ಎಲೆಗೆ ಮುದ್ದೆ, ಹುಚ್ಚೆಳ್ಳು ಚಟ್ನಿ, ಕಡುಬು, ಕುಂಬಳಕಾಯಿ ಪಲ್ಯ ಬಡಿಸಿದರು. ಪಕ್ಕದಲ್ಲಿ ಶರ್ಟು ಇಟ್ಟರು. ಬಾಗಿಲು ಮುಂದೆ ಮಾಡಿ ಎಲ್ಲರೂ ಜಗಲಿಯ ಮೇಲೆ ಕೂತರು. ಪಶ್ಚಿಮದ ಬಿಸಿಲು ಹೊಸ್ತಿಲ ತನಕ ಬಂದಿತ್ತು.

ಕೆಂಚಪ್ಪ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ಕಮಲಾಕ್ಷಿ, ಮುಚ್ಚಿಡೋದು ಯಾಕೆ, ನಿನ್ನ ಮೇಲೆ ಕೋರ್ಟಿಗೆ ಹೋಗ್ಬೇಕು ಅಂತಿದ್ದೆ ಕಣವ್ವ."

"ಗೊತ್ತು ಮಾವ."

"ಯಾರು ಹೇಳಿದ್ರು?"

"ಅರಸೀಕೆರೆ ಬಸ್ಸು ನಿಲ್ಲೋದು ನಮ್ಮ ಅಂಗಡಿ ಮುಂದೆ ಅಲ್ವಾ? ಚೆಲುವಿ ಕಿಟಕೀಲಿ ತಲೆ ಹಾಕಿ, 'ಅವ್ವ, ಲಾಯರ ಮನೆಗೆ ಹೋಯ್ತಿದ್ದೀವಿ' ಅಂತ ಕೂಗಿದ್ಲು. ನೀವು ಬೀಡಿ ತರೋಕೆ ಇಳಿದಿದ್ರಿ."

ಪುಟ್ಟಸ್ವಾಮಿಗೆ ನಗು ತಡೆಯಲಾಗಲಿಲ್ಲ. ಕೆಂಚಪ್ಪ ಮೊಮ್ಮಗಳನ್ನು ದುರುಗುಟ್ಟಿ ನೋಡಿದವನು ತಾನೂ ನಕ್ಕುಬಿಟ್ಟ.

"ನನಗೆ ಕಿತ್ಕೊಂಡು ಹೋಗೋ ಮನಸ್ಸಿಲ್ಲ ಮಾವ" ಎಂದಳು ಕಮಲಾಕ್ಷಿ. "ಮೂರು ವರ್ಷ ಸಾಕಿದೋಳು ಜಾನಕಿ. ಅವಳ ಸ್ಕೂಲು ನನ್ನ ಮಗೂಗೋಸ್ಕರ ಹೋಯ್ತು, ಅದು ನನಗೆ ಗೊತ್ತು. ಆದ್ರೆ ಹೆತ್ತೋಳು ನಾನು. ರಾತ್ರಿ ಉಣ್ಣದೆ ಮಲಗ್ತೀನಿ ಅಂತ ಅವತ್ತು ಬಸ್ಸಿನ ಕಿಟಕೀಲೇ ಅಂದ್ಲು. ನನ್ನ ಮಗು ಇಲ್ಲಿ ಹಸ್ಕೊಂಡು ಮಲ್ಗೋದು, ನಾನು ಅಲ್ಲಿ ಕಾಯೋದು, ಎಷ್ಟು ದಿನ?"

"ಈಗ ಹಸಿವಿಲ್ಲ ಅವ್ವ" ಎಂದಳು ಚೆಲುವಿ. "ಈಗ ಎಲ್ರೂ ಹೊತ್ತಿರುವಾಗ್ಲೇ ಉಣ್ತೀವಿ. ಕರು ಎರಡು ದಿನ ಹಾಲು ಕುಡೀತು."

ಕಮಲಾಕ್ಷಿ ಬೆರಗಾಗಿ ಅತ್ತೆಯನ್ನು ನೋಡಿದಳು. ರಂಗಮ್ಮ ಬೇರೆ ಕಡೆ ತಿರುಗಿಕೊಂಡು, "ದೀಪದೆಣ್ಣೆ ಉಳೀತದೆ, ಅದಕ್ಕೆ" ಎಂದಳು.

ಎರಡೇ ಮೈಲಿ ದಾರಿ. ಜಾನಕಿ ಬಹಳ ದಿನದಿಂದ ಆ ದಾರಿಯನ್ನು ಮನಸ್ಸಿನಲ್ಲೇ ನಡೆದು ನೋಡಿದ್ದಳು. ಈಗ ಬಾಯಿ ಬಿಟ್ಟಳು: "ಬೆಳಿಗ್ಗೆ ನಾನೇ ಹಳೇಬೀಡು ಸ್ಕೂಲಿಗೆ ಬಿಡ್ತೀನಿ ಅತ್ತಿಗೆ. ಮಧ್ಯಾಹ್ನದ ಊಟ ನಿಮ್ಮನೇಲಿ. ಸ್ಕೂಲು ಬಿಟ್ಟ ಮೇಲೆ ಹೊತ್ತಿರುವಾಗ್ಲೇ ಇಲ್ಲಿಗೆ. ಶನಿವಾರ ಭಾನುವಾರ ನಿಮ್ಮ ಹತ್ರ."

"ಶನಿವಾರ ಬ್ಯಾಡ" ಎಂದ ಕೆಂಚಪ್ಪ ಥಟ್ಟನೆ. "ಶನಿವಾರ ಅವಲಕ್ಕಿಗೆ ನನಗೆ ಜೊತೆ ಬೇಕು."

"ಭಾನುವಾರ ನನಗಿರಲಿ ಬಿಡಿ" ಎಂದಳು ಕಮಲಾಕ್ಷಿ. ಆಮೇಲೆ ಜಾನಕಿಯ ಕಡೆ ತಿರುಗಿ, "ಬಿಟ್ಟು ಹಂಗೇ ವಾಪಸ್ ಯಾಕೆ ಬತ್ತೀಯ? ಸಮಾಜದಲ್ಲಿ ಒಂದು ಮಿಷನ್ ಖಾಲಿ ಐತೆ. ಮಡಿಕೆ ಹಿಡಿಯೋದು ಕಲ್ಸ್ತೀನಿ" ಎಂದಳು. ಜಾನಕಿಯ ಮುಖ ಕೆಂಪಾಯಿತು. ಹೂಂ ಎಂದು ಎದ್ದು ಹೋಗಿ ಎಡೆಯ ಬಾಗಿಲು ತೆಗೆದಳು.

ಚೆಲುವಿ ತಂದೆಯ ಎಲೆಯಿಂದ ಮೊದಲ ತುತ್ತು ತೆಗೆದು ಬಾಯಿಗಿಟ್ಟುಕೊಂಡಳು. ಬಿಸಿಲು ಎಲೆಯ ಮೇಲೆ ಬಿದ್ದಿತ್ತು. ಹುಳ ಒಂದೂ ಇರಲಿಲ್ಲ.

ಶರ್ಟು ಪುಟ್ಟಸ್ವಾಮಿಗೆ ಬಂತು. ಅಣ್ಣನ ಅಳತೆಯಾದ್ದರಿಂದ ಬೆದರುಬೊಂಬೆಗೆ ಹಾಕಿದಂತೆ ಜೋಲಾಡುತ್ತಿತ್ತು. ಆದರೂ ಬಿಡದೆ ಹಾಕಿಕೊಂಡ. ದಸರೆ ಕಳೆದ ಮೇಲೆ ಸ್ಕೂಲು ಶುರುವಾಯಿತು. ಕಾರ್ತೀಕದಲ್ಲಿ ಹೊತ್ತು ಬೇಗ ಇಳಿಯತೊಡಗಿದಾಗ ಕೆಂಚಪ್ಪ ಸಂಜೆ ಊರ ಮುಂದೆ ಬಂದು ನಿಂತು, ಮೊಮ್ಮಗಳು ದಾರಿಯ ತಿರುವಿನಲ್ಲಿ ಕಂಡೊಡನೆ ಮನೆಯ ಕಡೆ ಕೂಗು ಹಾಕುವನು: "ಬಂದ್ರು ಕಣ್ರೇ! ಹೊತ್ತು ಇನ್ನೂ ಒಂದಾಳುದ್ದ ಐತೆ, ಎಸರಿಡ್ರೇ!"

ಒಂದು ದಿನ ಪುಟ್ಟಸ್ವಾಮಿ ಜಾವಗಲ್ಲಿನ ಸಂತೆಗೆ ಹೋದವನು ಕತ್ತಲಾದ ಮೇಲೆ ಬಂದ. ಮನೆಯವರೆಲ್ಲ ಉಂಡು, ಪಾತ್ರೆ ತೊಳೆದು, ಜಗಲಿಯ ಮೇಲೆ ಎಲೆ ಅಡಿಕೆ ಹಾಕುತ್ತ ಕೂತಿದ್ದರು. ಚೆಲುವಿ ಜಾನಕಿಯ ತೊಡೆಯ ಮೇಲೆ ತಲೆಯಿಟ್ಟು ತೂಕಡಿಸುತ್ತಿದ್ದಳು.

"ಅವ್ವ, ಹಸಿವು. ಬಡಿಸು" ಎಂದ ಪುಟ್ಟಸ್ವಾಮಿ.

ರಂಗಮ್ಮ ಕೂತಲ್ಲಿಂದ ಏಳಲಿಲ್ಲ. "ಹೊತ್ತು ಮುಳುಗ್ತು ಕಣ್ಲಾ" ಎಂದಳು. "ಒಲೆ ಪಕ್ಕ ಮೊರದ ಕೆಳಗೆ ಮುದ್ದೆ ಐತೆ. ದೀಪ ಒಸಿ ದೂರ ಇಟ್ಕೊಂಡು ಉಣ್ಣು. ಹುಳ ಬಿದ್ದು ಸತ್ತಾವು, ಪಾಪ."